ಪುಕ್ಕಟೆ ಕ್ರೀಮ್, ಶಾಂಪೂ ಸ್ಯಾಂಪಲ್: ತಗೊಳ್ಳಿ, ಆದ್ರೆ ಪ್ಯಾಕೆಟ್ ತಿರುಗಿಸಿ ನೋಡಿ

ರಾಣೆಬೆನ್ನೂರು: ಕಳೆದ ಸಂತೆ ದಿನ ಮೇಡ್ಲೇರಿ ರಸ್ತೆಯಲ್ಲಿ ದೊಡ್ಡ ಛತ್ರಿ ಹಾಕಿಕೊಂಡು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಇಬ್ಬರು ಹುಡುಗಿಯರು ಫೇಸ್‌ವಾಶ್ ಪ್ಯಾಕೆಟ್ ಹಂಚ್ತಾ ನಿಂತಿದ್ರು. ಪುಕ್ಕಟೆ. ಹತ್ತೇ ನಿಮಿಷದಲ್ಲಿ ಜನ ಪಾಳಿ ಹಚ್ಚಿದ್ರು. ಪ್ಯಾಕೆಟ್ ಕೈಗೆ ಬರಬೇಕಂದ್ರೆ ಮೊಬೈಲ್ ನಂಬರ್ ಹೇಳಬೇಕು, ಆಮೇಲೆ ಬಂದ ಓಟಿಪಿಯನ್ನೂ ಹೇಳಬೇಕು. ಕೊತ್ತಂಬರಿ ಮಾರೋಕೆ ಬಂದಿದ್ದ ಒಬ್ಬ ಅಜ್ಜಿ, "ನನ್ ಕಡೆ ಫೋನ್ ಇಲ್ಲವಾ, ಮೊಮ್ಮಗಂದು ಬರ್ಕೋ" ಅಂತ ಸೆರಗಿನ ಗಂಟಿನಿಂದ ಚೀಟಿ ತೆಗೆದ್ರು. ಮೊಮ್ಮಗನಿಗೆ ಫೋನ್ ಹಚ್ಚಿ ಓಟಿಪಿ ಕೇಳಿದ್ದೂ ಆಯ್ತು. ಕೊನೆಗೆ ಅಜ್ಜಿ ಕೈಗೆ ಬಂದಿದ್ದು 5 ಎಂಎಲ್ ಫೇಸ್‌ವಾಶ್. "ಇದನ್ನ ಏನ್ ಮಾಡ್ಬೇಕೋ ತಮ್ಮಾ?" ಅಂತ ನನ್ನನ್ನೇ ಕೇಳಿದ್ರು.

ಪುಕ್ಕಟೆ ಸಿಕ್ರೆ ನನಗೊಂದು, ನಮ್ಮಪ್ಪಗೊಂದು ಅನ್ನೋ ಮಾತು ನಮ್ಮ ಕಡೆ ಹೊಸದಲ್ಲ. ಹಾಗಂತ ಸ್ಯಾಂಪಲ್ ತಗೊಳ್ಳೋದೇ ತಪ್ಪು ಅಂತ ಈ ಲೇಖನ ಹೇಳ್ತಿಲ್ಲ. ₹400 ಕೊಟ್ಟು ಕ್ರೀಮ್ ತಂದು, ವಾಸನೆ ಆಗಿ ಬರಲಿಲ್ಲ ಅಂತ ಕಪಾಟಿನಲ್ಲಿ ಇಡೋದಕ್ಕಿಂತ ಸಣ್ಣ ಪ್ಯಾಕೆಟ್ ಹಚ್ಚಿ ನೋಡೋದು ಜಾಣತನವೇ. ಆದ್ರೆ ಒಂದು ಸ್ಯಾಂಪಲ್ ನಮಗೆ ಏನು ಹೇಳುತ್ತೆ, ಏನು ಹೇಳಲ್ಲ, ಬದಲಿಗೆ ನಮ್ಮಿಂದ ಏನು ತಗೊಂಡು ಹೋಗುತ್ತೆ ಅನ್ನೋದು ಗೊತ್ತಿರಬೇಕು. ನಮ್ಮ ಮನೆಯಲ್ಲಿ ಇದು ಗೊತ್ತಿಲ್ಲದೆ ಕೈ ಸುಟ್ಟುಕೊಂಡಿದ್ದೇವೆ, ಅದನ್ನ ಮುಂದೆ ಹೇಳ್ತೀನಿ.

ಹಂಚುವವರ ಲೆಕ್ಕ

ಸ್ಯಾಂಪಲ್ ಕೊಟ್ಟು ಗಿರಾಕಿ ಹಿಡಿಯೋ ವಿದ್ಯೆ ಹಳೇದು. ತಮಿಳುನಾಡಿನ ಕಡಲೂರಿನ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರು ಮಾಡಿದವರು. ಆಗ ಅವರದ್ದು ಸಣ್ಣ ಕಂಪನಿ, ಎದುರಿಗೆ ಇದ್ದಿದ್ದು ದೊಡ್ಡ ದೊಡ್ಡ ಹೆಸರುಗಳು. ಅವರು ಮಾಡಿದ ಉಪಾಯ ಏನಂದ್ರೆ, ಯಾವ ಕಂಪನಿದಾದ್ರೂ ಸರಿ, 5 ಖಾಲಿ ಶಾಂಪೂ ಪ್ಯಾಕೆಟ್ ಅಂಗಡಿಗೆ ತಂದುಕೊಟ್ರೆ ಒಂದು ಚಿಕ್ ಪ್ಯಾಕೆಟ್ ಪುಕ್ಕಟೆ. ಜನಕ್ಕೆ ರೂಢಿ ಆದ ಮೇಲೆ ಸ್ಕೀಮ್ ಬದಲಾಯ್ತು: ಖಾಲಿ ಪ್ಯಾಕೆಟ್ ಚಿಕ್‌ದೇ ಆಗಿರಬೇಕು. ಅಲ್ಲಿಗೆ ಬೇರೆ ಶಾಂಪೂ ಕೊಳ್ತಿದ್ದವರು ಚಿಕ್ ಕೊಳ್ಳೋ ಹಾಗಾಯ್ತು. ಆ ಕಂಪನಿಯೇ ಇವತ್ತಿನ ಕೆವಿನ್‌ಕೇರ್.

ಆವಾಗ ಕಂಪನಿಗೆ ಬೇಕಿದ್ದು ಖಾಲಿ ಪ್ಯಾಕೆಟ್ಟು, ಈಗ ಬೇಕಿರೋದು ಮೊಬೈಲ್ ನಂಬರ್ರು. ನಂಬರ್ ಜೊತೆ ಹೆಸರು, ವಯಸ್ಸು, ಹುಟ್ಟಿದ ದಿನ, ಚರ್ಮ ಎಣ್ಣೆಯದ್ದೋ ಒಣದ್ದೋ, ಮದುವೆ ಆಗಿದೆಯೋ ಇಲ್ವೋ ಅಂತ ಕೇಳೋ ಫಾರ್ಮ್‌ಗಳೂ ಇವೆ. ಮದುವೆ ನಿಕ್ಕಿ ಆಗಿದೆ ಅಂತ ಬರೆದ್ರೆ ಬ್ರೈಡಲ್ ಪ್ಯಾಕೇಜ್‌ನವರಿಗೆ ಅದಕ್ಕಿಂತ ಒಳ್ಳೇ ಸುದ್ದಿ ಬೇರೆ ಇಲ್ಲ.

ನಂಬರ್ ಕೊಡಲೇಬೇಕಾ? ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ಗಿರಾಕಿಯ ಮೊಬೈಲ್ ನಂಬರ್‌ಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಸ್ಯಾಂಪಲ್ ವಿಷಯ ಬೇರೆ, ಅವರು ಕೊಡದೇ ಇರಬಹುದು, ನಾವು ಬಿಡಬಹುದು. ಕೊಡೋದಾದ್ರೂ ಬ್ಯಾಂಕ್‌ಗೆ ಜೋಡಿಸಿರೋ ನಂಬರ್ ಕೊಡಬೇಡಿ. ಓಟಿಪಿ ಹೇಳೋ ಮುಂಚೆ ಆ ಮೆಸೇಜ್ ಪೂರ್ತಿ ಓದಿ, ಯಾರ ಹೆಸರಲ್ಲಿ ಬಂದಿದೆ, ಯಾತಕ್ಕೆ ಬಂದಿದೆ ಅಂತ ಅದರಲ್ಲೇ ಬರೆದಿರುತ್ತೆ. ಅಜ್ಜಿಯ ಮೊಮ್ಮಗ ಅವಸರದಲ್ಲಿ ಬರೀ ಅಂಕಿ ಓದಿ ಹೇಳಿದ, ಅಷ್ಟೇ. ಈಗಾಗಲೇ ಕೊಟ್ಟು ಜಾಹೀರಾತು ಕರೆಗಳಿಂದ ಸಾಕಾಗಿದ್ರೆ 1909ಕ್ಕೆ ಕರೆ ಮಾಡಿ, ಇಲ್ಲಾ ಅದೇ ನಂಬರ್‌ಗೆ 'ಸ್ಟಾರ್ಟ್ 0' ಅಂತ ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಕಳಿಸಿ ಬಂದ್ ಮಾಡಿಸಬಹುದು. ಆದ್ರೆ ಫಾರ್ಮ್‌ನಲ್ಲಿ ನೀವೇ ಟಿಕ್ ಮಾಡಿ ಒಪ್ಪಿಗೆ ಕೊಟ್ಟ ಕಂಪನಿಯ ಕಾಟ ಅಷ್ಟಕ್ಕೇ ನಿಲ್ಲುತ್ತೆ ಅಂತ ಅಂದ್ಕೋಬೇಡಿ.

ಇನ್ನು ವಾಟ್ಸಾಪ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಬರೋ "ಮೇಕಪ್ ಕಿಟ್ ಫ್ರೀ, ಬರೀ ಡೆಲಿವರಿ ಚಾರ್ಜ್ ಕೊಡಿ" ಅನ್ನೋ ಲಿಂಕ್‌ಗಳು. ಇದರಲ್ಲಿ ಹೆಚ್ಚು ಹೇಳೋದೇನಿಲ್ಲ, ಒತ್ತಬೇಡಿ. ನಮಗೆ ದುಡ್ಡು ಬರಬೇಕಾದ್ರೆ ಯುಪಿಐ ಪಿನ್ ಬೇಕಾಗಲ್ಲ, ಪಿನ್ ಕೇಳಿದ್ರು ಅಂದ್ರೆ ದುಡ್ಡು ಹೋಗ್ತಿದೆ ಅಂತಲೇ ಅರ್ಥ. ಹೋಗಿಬಿಟ್ರೆ ಕೂಡಲೇ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ವಾಪಸ್ ಬರೋದು ಕಷ್ಟ. ಆನ್‌ಲೈನ್‌ನಲ್ಲಿ ನಿಜವಾಗಿ ಸ್ಯಾಂಪಲ್ ಕಳಿಸೋರೂ ಇದ್ದಾರೆ. ಅವರಲ್ಲಿ ಕೆಲವರು ಮೊದಲು ಸ್ವಲ್ಪ ದುಡ್ಡು ತಗೊಂಡು, ಆಮೇಲೆ ದೊಡ್ಡ ಬಾಟಲಿ ಕೊಳ್ಳುವಾಗ ಕೂಪನ್ ಆಗಿ ವಾಪಸ್ ಕೊಡ್ತಾರೆ. ಕೊಳ್ಳದಿದ್ರೆ ಆ ದುಡ್ಡು ಅವರದ್ದೇ. ಅದನ್ನ ಪುಕ್ಕಟೆ ಅನ್ನಬಾರದು, ಮುಂಗಡ ಅನ್ನಬೇಕು.

ನಾಲ್ಕೇ ದಿನಕ್ಕೆ ಬೆಳ್ಳಗೆ ಮಾಡೋ ಡಬ್ಬಿ

ನಮ್ಮಕ್ಕನ ವಿಷಯ. ಎರಡು ವರ್ಷದ ಹಿಂದೆ ಒಂದು ಫ್ಯಾನ್ಸಿ ಸ್ಟೋರ್‌ನಲ್ಲಿ ಬಳೆ, ಕ್ಲಿಪ್ಪು ಅಂತ ₹300ರ ಸಾಮಾನು ತಗೊಂಡಾಗ ಒಂದು ಪುಟ್ಟ ಡಬ್ಬಿ ಕ್ರೀಮ್ ಪುಕ್ಕಟೆ ಕೊಟ್ರು. ಬಿಳಿ ಡಬ್ಬಿ, ಮೇಲೆ ಹೂವಿನ ಚಿತ್ರ, ಬೇರೇನೂ ಇಲ್ಲ. ರಾತ್ರಿ ಹಚ್ಚಿಕೊಂಡು ಮಲಗಿದ್ಲು. ನಾಲ್ಕೈದು ದಿನಕ್ಕೇ ಮುಖ ತಿಳಿಯಾಯ್ತು, ಮೊಡವೆ ಒಣಗಿತು. ಅವಳಿಗೆ ಖುಷಿ, ಅವ್ವನಿಗೂ ಖುಷಿ. ಡಬ್ಬಿ ತೀರಿದ ಮೇಲೆ ದುಡ್ಡು ಕೊಟ್ಟು ದೊಡ್ಡದು ತಂದ್ಲು. ಎರಡು ತಿಂಗಳಾದ ಮೇಲೆ ಅಂಗಡಿಯಲ್ಲಿ ಮಾಲು ಬರಲಿಲ್ಲ, ಹಚ್ಚೋದು ನಿಂತಿತು. ವಾರದೊಳಗೆ ಮುಖ ಕೆಂಪಾಗಿ ಉರಿಯೋಕೆ ಶುರು, ಬಿಸಿಲಿಗೆ ಹೋಗೋ ಹಾಗಿಲ್ಲ, ಒಲೆ ಮುಂದೆ ನಿಲ್ಲೋ ಹಾಗಿಲ್ಲ. ದಾವಣಗೆರೆಯ ಚರ್ಮದ ಡಾಕ್ಟರ್ ಮುಖ ನೋಡಿದವರೇ ಯಾವ ಕ್ರೀಮ್ ಹಚ್ತಿದ್ದೆ ಅಂತ ಕೇಳಿದ್ರು. ಸ್ಟೀರಾಯ್ಡ್ ಇದ್ದಿರಬೇಕು ಅಂದ್ರು. ಮುಖ ಮೊದಲಿನ ಹಾಗೆ ಆಗೋಕೆ ಎಂಟು ತಿಂಗಳು ಹಿಡೀತು.

ಬೀಟಾಮೆಥಾಸೋನ್, ಕ್ಲೋಬೆಟಸೋಲ್ ಥರದ ಸ್ಟೀರಾಯ್ಡ್‌ಗಳು ಔಷಧಿ. ಚರ್ಮದ ಕೆಲವು ಕಾಯಿಲೆಗೆ ಡಾಕ್ಟರ್ ಹೇಳಿದಷ್ಟು ದಿನ ಹಚ್ಚೋಕೆ ಒಳ್ಳೇವು. ಉರಿ, ಕೆಂಪು ಇಳಿಸ್ತವೆ, ಬಣ್ಣವನ್ನೂ ತಿಳಿ ಮಾಡ್ತವೆ, ಅದೂ ಬೇಗ. ದಿನಾ ಹಚ್ಚಿದ್ರೆ ಚರ್ಮ ತೆಳುವಾಗುತ್ತೆ, ಬಿಟ್ಟ ಕೂಡಲೇ ತಿರುಗಿ ಬೀಳುತ್ತೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಇವನ್ನ ಮಾರಬಾರದು ಅಂತ 2018ರಲ್ಲಿ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿದ್ರು. ಹೆಸರಿಲ್ಲದ ಡಬ್ಬಿಗೆ ಯಾವ ಶೆಡ್ಯೂಲು?

ಇನ್ನೊಂದು ಪಾದರಸ. ಇದು ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ತಯಾರಾಗದ ಹಾಗೆ ತಡೆಯುತ್ತೆ, ಚರ್ಮದ ಮೂಲಕ ಮೈ ಸೇರಿ ಕಿಡ್ನಿಗೂ ಹೋಗುತ್ತೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಒಂದು ಆಸ್ಪತ್ರೆಯ ಕಿಡ್ನಿ ಡಾಕ್ಟರುಗಳು 2021ರ ಜುಲೈನಿಂದ 2023ರ ಸೆಪ್ಟೆಂಬರ್ ತನಕ ಮೆಂಬ್ರೇನಸ್ ನೆಫ್ರೋಪತಿ ಅನ್ನೋ ಕಾಯಿಲೆಯ 22 ಜನರನ್ನ ನೋಡಿದ್ರು. ಅವರಲ್ಲಿ 15 ಜನರದ್ದು ಅಪರೂಪದ ಒಂದೇ ಬಗೆ. ಆ 15ರಲ್ಲಿ 13 ಜನ ಮುಖ ಬೆಳ್ಳಗಾಗೋ ಕ್ರೀಮ್ ಹಚ್ತಿದ್ದವರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಅಂತ ಹೆಸರಿಟ್ಟು ಅಂಗಡಿಗಳ ಮೇಲೆ ದಾಳಿ ಮಾಡಿತ್ತು. ನಮ್ಮ ದೇಶದ ನಿಯಮದ ಪ್ರಕಾರ ಮುಖದ ಕ್ರೀಮ್‌ಗೆ ಪಾದರಸ ಬೇಕಂತಲೇ ಹಾಕೋ ಹಾಗೇ ಇಲ್ಲ. ತಾನಾಗೇ ಸೇರಿದ್ರೂ 10 ಲಕ್ಷ ಪಾಲಿಗೆ 1 ಪಾಲು ಮೀರಬಾರದು. "ಬಂಗಾರ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ" ಅಂತ ಬರೆದಿರೋ ಕ್ರೀಮ್ ಸಿಕ್ರೆ ಅಲ್ಲೇ ಬಿಡಿ, ಪಾದರಸ ಇರೋ ಕ್ರೀಮ್‌ಗಳ ಒಂದು ಗುರುತು ಅದು.

ಸ್ಯಾಂಪಲ್‌ನ ದೊಡ್ಡ ತೊಂದರೆ ಇರೋದು ಇಲ್ಲೇ. ಸಣ್ಣ ಡಬ್ಬಿ ತೋರಿಸೋದು ಮೊದಲ ವಾರದ ಚೆಂದ ಮಾತ್ರ. ಎರಡನೇ ತಿಂಗಳಲ್ಲಿ ಏನಾಗುತ್ತೆ ಅಂತ ಅದರಲ್ಲಿ ಗೊತ್ತಾಗೋದೇ ಇಲ್ಲ. ಒಳ್ಳೇ ಕಂಪನಿಯ ಸಾದಾ ಕ್ರೀಮ್ ನಾಲ್ಕು ದಿನಕ್ಕೆ ಏನೂ ಮಾಡಿರಲ್ಲ. ಹಾಗಾಗಿ ಸ್ಯಾಂಪಲ್‌ನಲ್ಲೇ ಮುಖ ಬೆಳ್ಳಗಾಯ್ತು ಅಂದ್ರೆ ಖುಷಿ ಪಡೋ ಬದಲು ಅನುಮಾನ ಪಡಬೇಕು.

ಅಲರ್ಜಿಯೂ ಹೀಗೇ. ಹೊಸ ಪದಾರ್ಥವನ್ನ ಮೈ ಗುರುತು ಹಿಡಿದು ತಿರುಗಿ ಬೀಳೋಕೆ ಮೊದಲ ಸಲ 10ರಿಂದ 14 ದಿನ ಬೇಕಾಗಬಹುದು. ಎರಡು ಸಲಕ್ಕೆ ಮುಗಿಯೋ 2 ಎಂಎಲ್ ಪ್ಯಾಕೆಟ್ ಹಚ್ಚಿ "ನನಗೇನೂ ಆಗಲಿಲ್ಲ" ಅನ್ನೋದು ಪೂರ್ತಿ ಸಾಕ್ಷಿ ಅಲ್ಲ. ಆದ್ರೂ ಮುಖಕ್ಕೆ ಹಚ್ಚೋ ಮುಂಚೆ ಮೊಣಕೈ ಒಳಗಡೆ ಇಲ್ಲಾ ಕಿವಿ ಹಿಂದೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಪ್ಯಾಕೆಟ್ ಅಷ್ಟಕ್ಕೇ ಮುಗಿದ್ರೂ ಪರವಾಗಿಲ್ಲ, ಸ್ಯಾಂಪಲ್ ಇರೋದೇ ಅದಕ್ಕೆ.

ತಲೆಗೆ ಹಚ್ಚೋ ಕಪ್ಪು ಬಣ್ಣದ ಪ್ಯಾಕೆಟ್ ಆದ್ರಂತೂ ಇದನ್ನ ತಪ್ಪಿಸಲೇಬೇಡಿ. ಬಹಳಷ್ಟು ಹೇರ್ ಡೈಗಳಲ್ಲಿ, ಕರಿ ಮೆಹಂದಿ ಅಂತ ಮಾರೋ ಪುಡಿಗಳಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ. ಕೆಲವರಿಗೆ ಇದರಿಂದ ಕಣ್ಣು ಮುಚ್ಚೋ ಹಾಗೆ ಮುಖ ಊದುತ್ತೆ. 24 ತಾಸು ಮೊದಲೇ ಪರೀಕ್ಷೆ ಮಾಡಿ ನೋಡಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ ಅಂತ ಇಂಗ್ಲಿಷ್ ಜೊತೆ ಸ್ಥಳೀಯ ಭಾಷೆಯಲ್ಲೂ ತಿಳಿಸಬೇಕು ಅಂತ ನಿಯಮವೇ ಇದೆ. ಮದುವೆ ಹಿಂದಿನ ರಾತ್ರಿ ಹಚ್ಚಿಕೊಳ್ಳೋರು ಅದನ್ನ ಓದೋದು ಯಾವಾಗ?

ಅಂಗಡಿಯಲ್ಲಿ ಇಟ್ಟಿರೋ ಲಿಪ್‌ಸ್ಟಿಕ್, ಕಾಡಿಗೆ ಟೆಸ್ಟರ್‌ಗಳನ್ನ ತುಟಿಗೆ, ಕಣ್ಣಿಗೆ ಹಚ್ಚಬೇಡಿ, ಮುಂಗೈಗೆ ಹಚ್ಚಿ ಬಣ್ಣ ನೋಡಿ. ನಿಮ್ಮ ಮುಂಚೆ ಎಷ್ಟು ಜನ ಹಚ್ಚಿದ್ರೋ.

ಹಿಂಬದಿ ಏನಿರಬೇಕು

ಸಣ್ಣ ಪ್ಯಾಕೆಟ್‌ಗೆ ಕಾಯ್ದೆಯಲ್ಲೇ ಸ್ವಲ್ಪ ಸಡಿಲಿಕೆ ಇದೆ. ದ್ರವ ಆದ್ರೆ 60 ಎಂಎಲ್, ಕ್ರೀಮ್ ಪುಡಿ ಆದ್ರೆ 30 ಗ್ರಾಂಗಿಂತ ಕಡಿಮೆ ಇದ್ರೆ ಒಳಗೆ ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ ಕಡ್ಡಾಯ ಅಲ್ಲ. ನಮ್ಮ ಕೈಗೆ ಬರೋ ಸ್ಯಾಂಪಲ್ ಎಲ್ಲಾ ಇದರೊಳಗೇ ಬರುತ್ತೆ ಅನ್ನೋದು ಗಮನದಲ್ಲಿರಲಿ. ಪಟ್ಟಿ ಬೇಕಂದ್ರೆ ಅಂಗಡಿಯಲ್ಲಿ ಅದೇ ಕ್ರೀಮಿನ ದೊಡ್ಡ ಬಾಕ್ಸ್ ಕೇಳಿ ತಿರುಗಿಸಿ ಓದಿ. ಆದ್ರೆ ತಯಾರಿಸಿದವರ ಹೆಸರು, ಊರು, ಎಲ್ಲಿಯವರೆಗೆ ಬಳಸಬಹುದು ಅನ್ನೋ ತಾರೀಕು ಸಣ್ಣದರ ಮೇಲೂ ಇರಬೇಕು. ಅದೂ ಇಲ್ಲ ಅಂದ್ರೆ ಅದು ಸ್ಯಾಂಪಲ್ ಅಲ್ಲ, ಯಾರೋ ಡಬ್ಬಿಗೆ ತುಂಬಿದ ಮಾಲು. ಕಂಪನಿಗಳು ತಾರೀಕು ಹತ್ತಿರ ಬಂದ ಮಾಲನ್ನ ಪುಕ್ಕಟೆ ಕೊಟ್ಟು ಖಾಲಿ ಮಾಡೋದೂ ಉಂಟು, ಅದನ್ನೂ ನೋಡ್ಕೊಳ್ಳಿ.

ಅಂಗಡಿಯವರಿಗೆ ಒಂದು ಮಾತು. ಬಜಾರಿನಲ್ಲಿ ಇಪ್ಪತ್ತು ವರ್ಷದಿಂದ ಫ್ಯಾನ್ಸಿ ಸ್ಟೋರ್ ನಡೆಸ್ತಿರೋ ಒಬ್ಬರು ನನಗೆ ಹೇಳಿದ್ದು: "ಸ್ಯಾಂಪಲ್ ಕೊಟ್ಟ್ ಹೋದಾಂವ ಮುಂದಿನ ವಾರ ಬಂದ್ರ ಬಂದ, ಇಲ್ಲಾಂದ್ರ ಇಲ್ಲ. ಗಿರಾಕಿ ದಿನಾ ಬರ್ತಾಳ. ಬೈಸ್ಕೊಳ್ಳಾಂವ ನಾನ." ಬೈಗುಳದಲ್ಲೇ ಮುಗಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ಸರಕಿನಿಂದ ಹಾನಿಯಾಗಿ, ತಯಾರಿಸಿದವರು ಯಾರು ಅಂತಲೇ ಗೊತ್ತಾಗದಿದ್ರೆ ಹೊಣೆ ಮಾರಿದವರ ತಲೆಗೆ ಬರುತ್ತೆ. ಪುಟ್ಟ ಡಬ್ಬಿ ಪುಕ್ಕಟೆ ಕೊಟ್ಟು ಆಮೇಲೆ ದೊಡ್ಡದು ಮಾರಿದ್ರೆ ಸಿಕ್ಕಿಬೀಳೋದು ಅಲ್ಲೇ. ಲೈನ್ ಸೇಲ್ಸ್‌ಮನ್ ಬಿಲ್ ಇಲ್ಲದೆ ಇಟ್ಟುಹೋಗೋ ಕ್ರೀಮ್‌ನ ಕೌಂಟರ್ ಮೇಲೆ ಇಡೋ ಮುಂಚೆ ಯೋಚನೆ ಮಾಡಿ. ಜಿಎಸ್‌ಟಿ ಲೆಕ್ಕವೂ ಒಂದಿದೆ: ನೀವೇ ಕೊಂಡ ಮಾಲನ್ನ ಸ್ಯಾಂಪಲ್ ಅಂತ ಪುಕ್ಕಟೆ ಹಂಚಿದ್ರೆ ಅದರ ಮೇಲಿನ ಇನ್‌ಪುಟ್ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ. ಒಂದು ಕೊಂಡ್ರೆ ಒಂದು ಫ್ರೀ ಅನ್ನೋ ಸ್ಕೀಮ್‌ಗೆ ಇದು ಅನ್ವಯ ಆಗಲ್ಲ, ಅಲ್ಲಿ ಎರಡೂ ಸೇರಿ ಒಂದೇ ಬೆಲೆ ಅಂತ ಲೆಕ್ಕ.

ರೀಲ್ಸ್ ಮಾಡೋ ನಮ್ಮೂರಿನ ಹುಡುಗ ಹುಡುಗಿಯರಿಗೂ ಈಗ ಕಂಪನಿಗಳು ಪುಕ್ಕಟೆ ಕಿಟ್ ಕಳಿಸ್ತಿವೆ. ತಗೊಳ್ಳಿ, ಆದ್ರೆ ಪುಕ್ಕಟೆ ಬಂದಿದ್ದು ಅಂತ ವಿಡಿಯೋದಲ್ಲಿ ಹೇಳಲೇಬೇಕು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ, ದಾರಿ ತಪ್ಪಿಸೋ ಜಾಹೀರಾತಿಗೆ ಮೊದಲ ಸಲ ₹10 ಲಕ್ಷದ ತನಕ ದಂಡ ಹಾಕಬಹುದು.

ಏನಾದ್ರೂ ಹಚ್ಚಿ ಉರಿ, ಊತ ಬಂದ್ರೆ ತೊಳೆದು ಡಾಕ್ಟರ್ ಹತ್ತಿರ ಹೋಗಿ, ಹೋಗುವಾಗ ಪ್ಯಾಕೆಟ್ ಒಯ್ಯಿರಿ. ಗ್ರಾಹಕರ ಸಹಾಯವಾಣಿ 1915. ಕ್ರೀಮ್ ಮೇಲೆ ಅನುಮಾನ ಇದ್ರೆ ಔಷಧ ನಿಯಂತ್ರಣ ಇಲಾಖೆಯವರಿಗೆ ಕೊಡಬಹುದು. ಡಬ್ಬಿ, ಉಳಿದ ಕ್ರೀಮ್, ಬಿಲ್, ಇಷ್ಟನ್ನ ಎಸೀಬೇಡಿ. ನಮ್ಮಕ್ಕ ಸಿಟ್ಟಿನಲ್ಲಿ ಎರಡೂ ಡಬ್ಬಿ ತಿಪ್ಪೆಗೆ ಎಸೆದಿದ್ಲು. ಅಂಗಡಿಯವರು ನಾವು ಅಂಥದ್ದು ಮಾರೇ ಇಲ್ಲ ಅಂದ್ರು. ನಮ್ಮ ಹತ್ರ ತೋರಿಸೋಕೆ ಏನೂ ಇರಲಿಲ್ಲ.