ಹಿತ್ತಲಿನ ಕೆಮ್ಮಣ್ಣನ್ನು ಹದಗೊಳಿಸುವ ಕ್ರಮ

ಹಿತ್ತಲಿನಲ್ಲಿ ಬಿತ್ತಿದ ತರಕಾರಿ ಬೀಜವು ಮೊಳೆಯದಿದ್ದರೆ ಬೀಜವನ್ನೂ, ಮೊಳೆತ ಸಸಿಯು ಸೊರಗಿದರೆ ಮಳೆಯನ್ನೂ ದೂರುವುದು ವಾಡಿಕೆ. ಆದರೆ ಅನೇಕ ಕಡೆಗಳಲ್ಲಿ ದೋಷವು ಬೀಜದ್ದೂ ಅಲ್ಲ, ಮಳೆಯದೂ ಅಲ್ಲ, ಹದಗೊಳಿಸದ ಮಣ್ಣಿನದು. ಸಗಣಿಯನ್ನೂ ಕಸಕಡ್ಡಿಯನ್ನೂ ಚೆನ್ನಾಗಿ ಕೊಳೆಯಿಸಿ ಮಣ್ಣಿಗೆ ಸೇರಿಸತಕ್ಕವರು ಹೆಚ್ಚು ಹಣ ವೆಚ್ಚಮಾಡದೆ ಈ ದೋಷವನ್ನು ನೀಗಿಕೊಳ್ಳಬಹುದು. ಅದರ ಕ್ರಮವನ್ನು ಮುಂದೆ ವಿವರಿಸಿದೆ.

ಕೆಮ್ಮಣ್ಣಿನ ಗುಣ.— ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಮೊದಲಾದ ಜಿಲ್ಲೆಗಳಲ್ಲಿ ಕೆಮ್ಮಣ್ಣೇ ಹೆಚ್ಚು. ಇದರ ಬಣ್ಣಕ್ಕೆ ಕಬ್ಬಿಣದ ತುಕ್ಕಿನಂಥಾ ಅಂಶವೇ ಕಾರಣವು. ಗಿಡಮರಗಳು ಕೊಳೆತು ಉಂಟಾಗುವ ಸಾರವು ಇದರಲ್ಲಿ ಸ್ವಲ್ಪವೇ ಇರುವುದು. ನಮ್ಮ ಸೀಮೆಯ ಬಿಸಿಲಿಗೆ ಅದೂ ಬೇಗನೆ ತೀರಿಹೋಗುವುದು. ಕಣಗಳನ್ನು ಒಂದಕ್ಕೊಂದು ಹಿಡಿದಿಡತಕ್ಕ ಈ ಸಾರವು ಕಡಮೆಯಾದ್ದರಿಂದ ಬಿರುಮಳೆ ಬಿದ್ದೊಡನೆ ಮಣ್ಣು ಒಡೆದು ಮೇಲೆ ನುಣ್ಣಗೆ ಹರಡಿ, ಒಣಗಿದ ಮೇಲೆ ಹೆಪ್ಪುಗಟ್ಟುವುದು. ಆ ಹೆಪ್ಪನ್ನು ಭೇದಿಸಲಾರದೆ ಎಷ್ಟೋ ಮೊಳಕೆಗಳು ಒಳಗೇ ಸಾಯುವುವು. ಮರುದಿನದ ಮಳೆಯೂ ಒಳಕ್ಕೆ ಇಂಗದೆ, ಮೇಲಿನ ಫಲವತ್ತಾದ ಮಣ್ಣನ್ನು ಕೊಚ್ಚಿಕೊಂಡು ಹರಿದುಹೋಗುವುದು.

ಗೊಬ್ಬರದ ಗುಂಡಿ.— ಆಲ್ಬರ್ಟ್ ಹೊವರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿ ಕೆಲಸಮಾಡುತ್ತಾ ಕಸಕಡ್ಡಿಯಿಂದ ಗೊಬ್ಬರ ಮಾಡುವ ಕ್ರಮವನ್ನು ಪರಿಷ್ಕರಿಸಿದರು. ಅದಕ್ಕೆ ಇಂದೂರು ಕ್ರಮವೆಂದೇ ಹೆಸರಾಯಿತು. ಅದರ ತತ್ವವನ್ನು ಅನುಸರಿಸಿ ಹಿತ್ತಲಿನ ನೆರಳಿನಲ್ಲಿ 6 ಅಡಿ ಉದ್ದ, 4 ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿಯನ್ನು ತೋಡತಕ್ಕದ್ದು. ಒಣಗಿದ ಎಲೆ, ಹುಲ್ಲು, ಹೊಂಗೆ ಸೊಪ್ಪು, ತರಕಾರಿ ಸಿಪ್ಪೆ ಇವುಗಳನ್ನು ಒಂದು ಗೇಣು ಹರಡಿ, ಮೇಲೆ ನೀರಿನಲ್ಲಿ ಕದಡಿದ ಸಗಣಿಯನ್ನು ಚಿಮುಕಿಸಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣನ್ನು ತೆಳುವಾಗಿ ಎರಚಬೇಕು. ಹೀಗೆ ಪದರದ ಮೇಲೆ ಪದರವನ್ನಿಟ್ಟು ಗುಂಡಿಯನ್ನು ತುಂಬಬೇಕು. ತೇವವು ಹಿಂಡಿದ ಬಟ್ಟೆಯಷ್ಟಿದ್ದರೆ ಸಾಕು. ನೀರು ನಿಂತರೆ ಗಾಳಿ ಆಡದೆ ದುರ್ನಾತ ಹುಟ್ಟುವುದು. ತಿಂಗಳಿಗೊಮ್ಮೆ ತಿರುವಿಹಾಕಬೇಕು. ಮೂರು ನಾಲ್ಕು ತಿಂಗಳಲ್ಲಿ ಕಪ್ಪಾದ, ಉದುರುದುರಾದ, ಮಣ್ಣಿನ ವಾಸನೆಯುಳ್ಳ ಗೊಬ್ಬರವು ಸಿದ್ಧವಾಗುವುದು.

ಮಾಡಬಾರದ ಕೆಲಸಗಳು.— ಸಗಣಿಯನ್ನು ಬೆರಣಿ ತಟ್ಟಿ ಸುಟ್ಟರೆ ಅದರ ಸಾರಜನಕವು ಹೊಗೆಯೊಡನೆ ಹೋಗಿ ಬೂದಿ ಮಾತ್ರ ಉಳಿಯುವುದು. ಹಸಿ ಸಗಣಿಯನ್ನು ಮಡಿಗೆ ಹಾಕಿದರೆ ಗೊಣ್ಣೆಹುಳುಗಳು ಬರುವುವು. ಕೊಳೆಯದ ಒಣಹುಲ್ಲನ್ನು ಮಣ್ಣಿನಲ್ಲಿ ಹೂತರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನು ತಾವೇ ಹೀರಿಕೊಳ್ಳುವುವು. ಆಗ ಗಿಡಗಳು ಹಳದಿಯಾಗುವುವು. ಬೂದಿಯನ್ನು ಹಸಿ ಸಗಣಿಯೊಡನೆ ಬೆರಸಿದರೂ ಸಾರಜನಕವು ಗಾಳಿಯ ಪಾಲಾಗುವುದು.

ಮಡಿಯ ಸಿದ್ಧತೆ.— ಮಣ್ಣು ಹದವಾಗಿರುವಾಗಲೇ ಅಗೆಯಬೇಕು. ಒಂದು ಹಿಡಿ ಮಣ್ಣನ್ನು ಉಂಡೆಮಾಡಿ ಬೆರಳಿನಿಂದ ಒತ್ತಿದರೆ ಅದು ಉದುರಿದರೆ ಹದವೆಂದು ತಿಳಿಯಬೇಕು. ಕೈಗೆ ಮೆತ್ತಿಕೊಂಡರೆ ಎರಡು ದಿನ ತಡೆಯಬೇಕು. 10 ಅಡಿ ಉದ್ದ, 4 ಅಡಿ ಅಗಲದ ಮಡಿಯನ್ನು ಒಂದು ಅಡಿ ಆಳ ಅಗೆದು, ಕಲ್ಲು ಬೇರುಗಳನ್ನು ಆಯ್ದು, ಸುಮಾರು 20 ಕಿಲೋ ಕೊಳೆತ ಗೊಬ್ಬರವನ್ನೂ, ಅರ್ಧ ಕಿಲೋ ಬೇವಿನ ಹಿಂಡಿಯನ್ನೂ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಬೆರಸತಕ್ಕದ್ದು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡು ದೊರೆತರೆ ಅದನ್ನೂ ತೆಳುವಾಗಿ ಹರಡಬಹುದು. ಅದರಿಂದ ನೀರು ಹಿಡಿದಿಡುವ ಶಕ್ತಿಯು ಹೆಚ್ಚುವುದು. ಅಗೆದ ಮಡಿಯನ್ನು ತುಳಿಯದೆ ಪಕ್ಕದ ಕಾಲುದಾರಿಯಿಂದಲೇ ಕೆಲಸಮಾಡಬೇಕು. ಬೀಜಗಳು ಮೊಳೆತ ಮೇಲೆ ಸಾಲುಗಳ ನಡುವೆ ಒಣ ಎಲೆಗಳನ್ನು ಹೊದಿಸಿದರೆ ಮಳೆಹನಿಯ ಹೊಡೆತ ತಪ್ಪಿ, ತೇವವು ಉಳಿಯುವುದು. ಮಣ್ಣಿನ ಮೇಲೆಯೇ ಹರಡಿದ ಎಲೆಯು ಒಳಗೆ ಹೂತ ಹುಲ್ಲಿನಂತೆ ಗಿಡದ ಸಾರವನ್ನು ಕಸಿಯದು.

ಅಂಗಡಿಯ ಗೊಬ್ಬರ.— ರಾಸಾಯನಿಕ ಗೊಬ್ಬರವು ಗಿಡಕ್ಕೆ ಆಹಾರವನ್ನು ಕೊಡಬಲ್ಲದು. ಆದರೆ ಕೊಳೆತ ಸಾರದ ಹಾಗೆ ಮಣ್ಣಿನ ಕಣಗಳನ್ನು ಕೂಡಿಸಲಾರದು. ಆದುದರಿಂದ ಮೊದಲು ಮಣ್ಣನ್ನು ಹದಗೊಳಿಸಿ, ಮಣ್ಣು ಪರೀಕ್ಷೆಯಲ್ಲಿ ಕೊರತೆಯು ಕಂಡುಬಂದರೆ ಮಾತ್ರ ಅದನ್ನು ಮಿತವಾಗಿ ಬಳಸುವುದು ಲೇಸು.

ಮಾಘಮಾಸದಲ್ಲಿ ತುಂಬಿದ ಗುಂಡಿಯು ಜ್ಯೇಷ್ಠದ ಬಿತ್ತನೆಗೆ ಒದಗುವುದು. ಒಂದೇ ವರ್ಷದಲ್ಲಿ ಕೆಮ್ಮಣ್ಣು ಪೂರ್ಣವಾಗಿ ಬದಲಾಗದು. ಕೊಳೆತ ಸಾರವು ಬಿಸಿಲಿಗೆ ತೀರುತ್ತಲೇ ಇರುವುದರಿಂದ ಪ್ರತಿವರ್ಷವೂ ತುಂಬಿಕೊಡಬೇಕು. ಮಡಿಯಲ್ಲಿ ಎರೆಹುಳುಗಳು ಹೆಚ್ಚಿದರೆ ಕೆಲಸವು ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಬಹುದು. ಮನೆಯ ಮಕ್ಕಳಿಗೆ ದಿನವೂ ಸೊಪ್ಪು ತರಕಾರಿ ದೊರೆಯಬೇಕೆಂದು ಬಯಸುವ ಗೃಹಸ್ಥರು ಬೀಜ ಕೊಳ್ಳುವುದಕ್ಕೆ ಮುಂಚೆ ಗುಂಡಿಯನ್ನು ತೋಡಲಿ.