ಮೊಪೆಡ್ಡಿನ ಹಿಂಗಾಲಿ: ಬಿಚ್ಚುವ ಕ್ರಮ, ಜೋಡಿಸುವ ಕ್ರಮ

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ದಡದಲ್ಲಿ ಖಾನಾಪುರವಿದೆ. ಅದರಾಚೆಗೆ ಸಹ್ಯಾದ್ರಿಯ ಕಾಡು. ಮುಂಗಾರಿನಲ್ಲಿ ಎಡೆಬಿಡದ ಮಳೆ, ಕೆಮ್ಮಣ್ಣಿನ ರಾಡಿ. ಹಾಲಿನ ಕ್ಯಾನು, ಕಾಯಿಪಲ್ಲೆಯ ಮೂಟೆ ಹೇರಿಕೊಂಡ ಮೊಪೆಡ್ಡು ಇಂಥ ಸೀಮೆಯಲ್ಲಿ ಓಡಾಡುವಾಗ ಭಾರದ ಹೆಚ್ಚಿನ ಪಾಲು ಹಿಂಗಾಲಿಯ ಮೇಲೆ ಬೀಳುತ್ತದೆ. ಪಂಕ್ಚರಾದಾಗ ಈ ಗಾಲಿಯನ್ನು ಬಿಚ್ಚುವುದು ಕಷ್ಟವಲ್ಲ. ಆದರೆ ಮರಳಿ ಜೋಡಿಸುವಾಗ ಒಂದು ಸಣ್ಣ ಭಾಗವನ್ನು ಮರೆತರೆ ಪ್ರಾಣಕ್ಕೇ ಅಪಾಯವುಂಟು.

ಮೋಟಾರು, ಪೆಡಲು ಎಂಬ ಎರಡು ಮಾತುಗಳು ಕೂಡಿ ‘ಮೊಪೆಡ್’ ಎಂಬ ಹೆಸರಾಯಿತು. ನಮ್ಮ ದೇಶದಲ್ಲಿ 1972ರಲ್ಲಿ ಪುಣೆಯ ಕೈನೆಟಿಕ್ ಸಂಸ್ಥೆಯ ಲೂನಾ, 1980ರಲ್ಲಿ ಹೊಸೂರಿನ ಟಿವಿಎಸ್ 50 ಇದನ್ನು ಮನೆಮಾತಾಗಿಸಿದವು. ಸೈಕಲ್ಲಿನ ವಂಶದ್ದಾದರೂ ಇದರ ಹಿಂಗಾಲಿಗೆ ಎಂಜಿನ್ನಿನ ಬಲವನ್ನು ನೆಲಕ್ಕೆ ಮುಟ್ಟಿಸುವ ಹೊಣೆಯೂ ಇದೆ. ವೇಗವನ್ನು ತಡೆಯುವ ಹೊಣೆಯೂ ಇದೆ.

ಬಿಚ್ಚುವ ಮೊದಲು ಎಂಜಿನ್ನು, ಸೈಲೆನ್ಸರುಗಳು ಆರಬೇಕು. ಗಾಡಿಯನ್ನು ಗಟ್ಟಿ ನೆಲದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂಗಾಲಿಗೆ ಕಲ್ಲು ಕೊಡಬೇಕು. ಸರಪಣಿ ಬಿಗಿಮಾಡುವ ತಿರುಪುಗಳು ಎರಡೂ ಕಡೆ ಎಲ್ಲಿವೆಯೆಂದು ಗುರುತು ಹಾಕಿಕೊಳ್ಳಬೇಕು. ಬ್ರೇಕಿನ ಸಲಾಕೆಯನ್ನು ಕಳಚಿ, ಅಚ್ಚಿನ ನಟ್ಟನ್ನು ಸಡಿಲಿಸಿ, ಗಾಲಿಯನ್ನು ಮುಂದಕ್ಕೆ ತಳ್ಳಿದರೆ ಸರಪಣಿ ಸಡಿಲಾಗಿ ಹಲ್ಲುಚಕ್ರದಿಂದ ಹೊರಬರುತ್ತದೆ. ಬಳಿಕ ಅಚ್ಚನ್ನು ಎಳೆಯಬಹುದು. ಆಗ ಉದುರುವ ವಾಷರು, ಬಳೆಗಳನ್ನು ಬಂದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಇಡತಕ್ಕದ್ದು.

ಜೋಡಿಸುವಾಗ ಮೊದಲ ಪ್ರಶ್ನೆ ಸರಪಣಿಯ ಬಿಗಿಯದು. ಸರಪಣಿ ಹಿಗ್ಗುತ್ತದೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಉಕ್ಕು ಹಿಗ್ಗುವುದಕ್ಕಿಂತ ಹೆಚ್ಚಾಗಿ ಕೀಲುಗಳ ಪಿನ್ನುಗಳು ಸವೆಯುತ್ತವೆ. ನೂರು ಕೀಲುಗಳಲ್ಲಿ ಒಂದೊಂದೂ 0.1 ಮಿಲಿಮೀಟರು ಸವೆದರೆ ಒಟ್ಟು ಉದ್ದ 10 ಮಿಲಿಮೀಟರು ಹೆಚ್ಚುತ್ತದೆ. ಎಣ್ಣೆಯೊಡನೆ ಬೆರೆತ ಮಣ್ಣು ಈ ಸವೆತವನ್ನು ಚುರುಕುಗೊಳಿಸುತ್ತದೆ. ಹಾಗೆಂದು ಸರಪಣಿಯನ್ನು ತಂತಿಯಂತೆ ಬಿಗಿಯಬಾರದು. ಗಾಡಿಯ ಮೇಲೆ ಭಾರ ಬಿದ್ದಾಗ ಹಿಂಗಾಲಿ ಮೇಲಕ್ಕೆ ಸರಿದು, ಎರಡು ಹಲ್ಲುಚಕ್ರಗಳ ನಡುವಿನ ದೂರ ಬದಲಾಗುತ್ತದೆ, ಅದಕ್ಕೆ ಎಡೆಯಿರಬೇಕು. ತಯಾರಕರು ಹೇಳಿದಷ್ಟು ಸಡಿಲವನ್ನು ಬಿಟ್ಟು, ಎರಡೂ ಕಡೆಯ ತಿರುಪುಗಳನ್ನು ಸಮವಾಗಿ ತಿರುಗಿಸಬೇಕು. ಇಲ್ಲವಾದರೆ ಗಾಲಿ ಓರೆಯಾಗಿ, ಸರಪಣಿ ಹಲ್ಲುಗಳ ಪಕ್ಕಕ್ಕೆ ಉಜ್ಜುತ್ತದೆ.

ಎರಡನೆಯ ಪ್ರಶ್ನೆ ಬ್ರೇಕಿನದು. ಮೇಲೆ ಹೇಳಿದ ಸಣ್ಣ ಭಾಗ ಇಲ್ಲಿಯೇ ಇದೆ. ಬ್ರೇಕು ಒತ್ತಿದಾಗ ಶೂಗಳು ತಿರುಗುವ ಡ್ರಮ್ಮನ್ನು ಹಿಡಿಯುತ್ತವೆ. ಕ್ರಿಯೆಗೆ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ನಿಯಮದಂತೆ ಡ್ರಮ್ಮು ಕೂಡ ಶೂಗಳನ್ನೂ ಅವುಗಳನ್ನು ಹೊತ್ತ ತಟ್ಟೆಯನ್ನೂ ತನ್ನೊಡನೆ ತಿರುಗಿಸಲು ಯತ್ನಿಸುತ್ತದೆ. ಹಾಗಾಗದಂತೆ ತಟ್ಟೆಯನ್ನು ಚೌಕಟ್ಟಿಗೆ ಹಿಡಿದು ನಿಲ್ಲಿಸುವುದು ಒಂದು ಪಟ್ಟಿ. ಕೆಲವು ಗಾಡಿಗಳಲ್ಲಿ ತಟ್ಟೆಯ ತೋಡಿನಲ್ಲಿ ಕೂರುವ ಮೊಳೆ. ಇದನ್ನು ಸೇರಿಸಲು ಮರೆತರೂ ಗಾಲಿ ಚೆನ್ನಾಗಿಯೇ ತಿರುಗುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿದ ಕ್ಷಣದಲ್ಲಿ ಮಾತ್ರ ತಟ್ಟೆ ಗಾಲಿಯೊಡನೆ ತಿರುಗಿ, ಸಲಾಕೆಯನ್ನು ಸುತ್ತಿಕೊಂಡು, ಗಾಲಿಯನ್ನು ಹಠಾತ್ತನೆ ಕಚ್ಚಿಬಿಡಬಹುದು.

ಆದುದರಿಂದ ನಟ್ಟು ಬಿಗಿದ ಮೇಲೆ ಗಾಲಿಯನ್ನು ಕೈಯಿಂದ ಪೂರ್ಣ ಸುತ್ತು ತಿರುಗಿಸಿ, ಸರಪಣಿಯ ಸಡಿಲವನ್ನು ಹಲವೆಡೆ ನೋಡಬೇಕು. ಬ್ರೇಕು ಒತ್ತಿ, ತಟ್ಟೆ ಅಲುಗದೆ ನಿಂತಿದೆಯೇ ಎಂದು ಪರೀಕ್ಷಿಸಬೇಕು. ಗಾಡಿಯನ್ನು ತಳ್ಳುತ್ತ ಒಮ್ಮೆ, ನಿಧಾನವಾಗಿ ನಡೆಸುತ್ತ ಇನ್ನೊಮ್ಮೆ ಬ್ರೇಕು ಹಿಡಿದು ನೋಡಿದ ಮೇಲೆಯೇ ಮೂಟೆಯನ್ನು ಹೇರತಕ್ಕದ್ದು.