ಬುಧನ ಮಣ್ಣು, ಬುಧನ ಆಕಾಶ

ಬುಧಗ್ರಹದ ಸಮಭಾಜಕ ವೃತ್ತಕ್ಕೆ ಹತ್ತಿರ ತ್ಯಾಗರಾಜ ಎಂಬ ಕುಳಿಯಿದೆ. ಅಗಲ ಸುಮಾರು 100 ಕಿಲೋಮೀಟರ್. ಬುಧನ ಕುಳಿಗಳಿಗೆ ಕವಿಗಳ, ಕಲಾವಿದರ ಹೆಸರಿಡುವುದು ವಾಡಿಕೆ. ಕಾಳಿದಾಸ, ವಾಲ್ಮೀಕಿ, ವ್ಯಾಸರೂ ಅಲ್ಲಿದ್ದಾರೆ. ನಾಸಾದ ಮೆಸೆಂಜರ್ ನೌಕೆ 2011ರಿಂದ 2015ರವರೆಗೆ ಬುಧನನ್ನು ಸುತ್ತುತ್ತ ತೆಗೆದ ಚಿತ್ರಗಳಲ್ಲಿ ತ್ಯಾಗರಾಜ ಕುಳಿಯ ತಳದ ತುಂಬ ಹೊಳಪಿನ, ಆಳವಿಲ್ಲದ ತಗ್ಗುಗಳು ಕಾಣುತ್ತವೆ. ಬಂಡೆಯಲ್ಲಿದ್ದ, ಸುಲಭವಾಗಿ ಆವಿಯಾಗುವ ಅಂಶ ಹಾರಿಹೋಗಿ ನೆಲ ಕುಸಿದು ಇವು ಉಂಟಾಗಿರಬೇಕೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ನೆಲದ ಅಂಶ ಹೀಗೆ ಮೇಲೇರುವುದು ಆ ಒಂದು ಕುಳಿಯ ಕಥೆಯಲ್ಲ. ಬುಧನ ಪರಿಚಯವನ್ನು ಹಗಲಿನ 430 ಡಿಗ್ರಿ ಸೆಲ್ಸಿಯಸ್ ಬಿಸಿ, ಇರುಳಿನ ಮೈನಸ್ 180 ಡಿಗ್ರಿ ಚಳಿಯಲ್ಲೇ ಮುಗಿಸಿಬಿಡುವುದು ಅನ್ಯಾಯ. ಅಲ್ಲಿ ಉಸಿರಾಡುವಂಥ ಗಾಳಿಯಿಲ್ಲ, ನಿಜ. ಆದರೆ 1974ರಲ್ಲಿ ಮ್ಯಾರಿನರ್ 10 ನೌಕೆ ಹಾದುಹೋದಾಗ ಹೈಡ್ರೋಜನ್, ಹೀಲಿಯಂ ಸಿಕ್ಕವು. 1985ರಲ್ಲಿ ವಿಜ್ಞಾನಿಗಳಾದ ಆಂಡ್ರ್ಯೂ ಪಾಟರ್, ಥಾಮಸ್ ಮಾರ್ಗನ್ ಭೂಮಿಯ ಮೇಲಿನ ದೂರದರ್ಶಕದಿಂದಲೇ ಸೋಡಿಯಂ ಗುರುತಿಸಿದರು. ಹಳೆಯ ಬೀದಿದೀಪಗಳ ಹಳದಿ ಬಣ್ಣ ಇದೇ ಸೋಡಿಯಂನದು. ಈ ಪರಮಾಣುಗಳ ತೆಳುಪದರಕ್ಕೆ ಎಕ್ಸೋಸ್ಫಿಯರ್ ಎನ್ನುತ್ತಾರೆ. ಅಲ್ಲಿ ಪರಮಾಣುಗಳು ಎಷ್ಟು ವಿರಳವೆಂದರೆ ಒಂದಕ್ಕೊಂದು ಡಿಕ್ಕಿಯಾಗುವುದೇ ಅಪರೂಪ. ನೆಲದಿಂದ ಚಿಮ್ಮಿದ್ದು ಮತ್ತೆ ನೆಲಕ್ಕೇ ಬೀಳುತ್ತದೆ, ಇಲ್ಲವೇ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುತ್ತದೆ.

ಹೀಗೆ ನಿರಂತರ ಸೋರಿಹೋಗುವುದನ್ನು ಬಹುಮಟ್ಟಿಗೆ ಮಣ್ಣೇ ತುಂಬಿಕೊಡಬೇಕು. ಹೀಲಿಯಂನ ಬಹುಪಾಲು ಸೌರಮಾರುತದ, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳ, ಕೊಡುಗೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾತ್ರ ನೆಲದ್ದೇ. ಕಾದ ಕಲ್ಲಿನ ಮೈಯಿಂದ ಸೋಡಿಯಂ ತಾನಾಗಿ ಬಿಡಿಸಿಕೊಳ್ಳುತ್ತದೆ. ನೇರಳಾತೀತ ಬೆಳಕೂ ಅದನ್ನು ಕಿತ್ತೆಬ್ಬಿಸುತ್ತದೆ. ಬುಧನ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು ನೂರು ಪಟ್ಟು ದುರ್ಬಲ. ಧ್ರುವಗಳ ಕಡೆ ಅದು ಬಾಯಿ ತೆರೆದಲ್ಲಿ ಸೌರಮಾರುತದ ಕಣಗಳು ನೇರ ನೆಲಕ್ಕೆ ಬಡಿಯುತ್ತವೆ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಸೋಡಿಯಂ ಹೊಳಪು ಎಷ್ಟೋ ಸಲ ಕಾಣುವುದು ಇದರಿಂದಲೇ ಎನ್ನುತ್ತಾರೆ. ಕ್ಯಾಲ್ಸಿಯಂ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಅದಕ್ಕೆ ಉಲ್ಕಾಧೂಳಿನ ಪೆಟ್ಟು ಬೇಕು. ಧೂಳು ಹೆಚ್ಚಾಗಿ ಎದುರಾಗುವ ಮುಂಜಾವಿನ ಬದಿಯಲ್ಲೇ ಅದು ದಟ್ಟ. ಎಂಕೆ ಧೂಮಕೇತು ಚೆಲ್ಲಿಹೋದ ಧೂಳಿನ ಹಾದಿಯ ಬಳಿ ಬುಧ ಬಂದಾಗ ಇನ್ನಷ್ಟು ಏರುತ್ತದೆ.

ಸೋಡಿಯಂಗೆ ಋತುಮಾನವೂ ಇದೆ. ಸೂರ್ಯನ ಬೆಳಕು ಪರಮಾಣುಗಳನ್ನು ಹಿಂದಕ್ಕೆ ತಳ್ಳಿ, ಹತ್ತಾರು ಲಕ್ಷ ಕಿಲೋಮೀಟರ್ ಉದ್ದದ ಬಾಲ ಮೂಡಿಸುತ್ತದೆ. ಬುಧ ಸೂರ್ಯನಿಗೆ ಅತಿ ಹತ್ತಿರವಿದ್ದಾಗ ಬಾಲ ಉಜ್ವಲವಾಗಿರಬೇಕೆಂದು ತೋರುತ್ತದೆ. ಹಾಗಲ್ಲ. ಸೂರ್ಯನ ಬೆಳಕಿನಲ್ಲೇ ಸೋಡಿಯಂ ಹೀರುವ ಹಳದಿ ಬಣ್ಣದ ಗೆರೆ ಬಹಳ ಮಂಕು. ಬುಧ ಸೂರ್ಯನತ್ತ ಸರಿಯುವಾಗ ಅಥವಾ ದೂರ ಸರಿಯುವಾಗ ಅದರ ಪರಮಾಣುಗಳು ಆ ಮಂಕು ಗೆರೆಯಿಂದ ಜಾರಿ ಹೆಚ್ಚು ಬೆಳಕು ಹೀರುತ್ತವೆ. ಅತಿ ಸಮೀಪದ ಬಿಂದು ದಾಟಿ ಸುಮಾರು 16 ದಿನಕ್ಕೆ ಬಾಲ ಅತ್ಯಂತ ಚೆನ್ನಾಗಿ ಕಾಣುತ್ತದೆ. ಹವ್ಯಾಸಿಗಳೂ ಸೋಡಿಯಂ ಫಿಲ್ಟರ್ ಹಾಕಿ ಅದರ ಫೋಟೊ ತೆಗೆದಿದ್ದಾರೆ.

ನಮ್ಮ ಚಂದ್ರನಲ್ಲೂ ಇದೇ ವ್ಯವಹಾರ ನಡೆದಿದೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾಗಿ ಚಂದ್ರಯಾನ-2ರಲ್ಲಿ ಹೋದ 'ಕ್ಲಾಸ್' ಉಪಕರಣ ಚಂದ್ರನ ನೆಲದ ಸೋಡಿಯಂ ನಕ್ಷೆ ಕೊಟ್ಟಿದೆ. ಅದರಲ್ಲಿ ಒಂದು ಪಾಲು ಮಣ್ಣಿನ ಕಣಗಳಿಗೆ ಸಡಿಲವಾಗಿ ಅಂಟಿದ ತೆಳುಲೇಪವಂತೆ. ಹಾರಿಹೋಗಲು ಸಿದ್ಧವಾದ ದಾಸ್ತಾನು ಅದು.

ಬುಧನಲ್ಲಿ ಸೋಡಿಯಂ ಎಬ್ಬಿಸುವುದರಲ್ಲಿ ಬೆಳಕಿನ ಪಾಲೆಷ್ಟು, ಸೌರಮಾರುತದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಯುರೋಪ್ ಮತ್ತು ಜಪಾನ್ 2018ರಲ್ಲಿ ಜಂಟಿಯಾಗಿ ಕಳಿಸಿದ ಬೆಪಿಕೊಲಂಬೊದಲ್ಲಿ ಎರಡು ನೌಕೆಗಳಿವೆ. 2026ರ ನವೆಂಬರ್‌ನಲ್ಲಿ ಬುಧನ ಕಕ್ಷೆ ಸೇರಬೇಕೆಂಬುದು ಯೋಜನೆ. ಬೇರೆ ಬೇರೆ ಕಕ್ಷೆಗಳಲ್ಲಿ ಸುತ್ತುವ ಆ ಜೋಡಿ, ಸೌರಮಾರುತದ ಬಿರುಸನ್ನೂ ಅದೇ ಹೊತ್ತಿಗೆ ನೆಲದಿಂದ ಏಳುವ ಸೋಡಿಯಂ ಅನ್ನೂ ಒಟ್ಟಿಗೆ ಅಳೆಯಬಲ್ಲದು.